ಬುಕಿಟ್ ತಿಮಾ ಬೆಟ್ಟದಲ್ಲಿ ಒಂದು ಭಾನುವಾರ

ಸಿಂಗಾಪುರಕ್ಕೆ ಬಂದ ಮೊದಲ ತಿಂಗಳಲ್ಲೇ ಬುಕಿಟ್ ತಿಮಾ ಅನ್ನೋ ಹೆಸರು ನನ್ನ ಕಣ್ಣಿಗೆ ಬಿದ್ದಿತ್ತು. ಆದರೆ ಅದು ಬೆಟ್ಟ ಅಂತ ಗೊತ್ತಿರಲಿಲ್ಲ. ನನ್ನದು ಬೋರ್‌ಹೋಲ್ ಕೆಲಸ. ರೈಲಿನ ಸುರಂಗವೋ, ನಲವತ್ತು ಮಹಡಿ ಕಟ್ಟಡವೋ ಬರೋದಕ್ಕೆ ಮುಂಚೆ ನಾವು ಹೋಗಿ ರಿಗ್ ನಿಲ್ಲಿಸಿ, ನೆಲ ಕೊರೆದು, ಕೆಳಗೆ ಮಣ್ಣಿದೆಯೋ ಕಲ್ಲಿದೆಯೋ ಅಂತ ತೆಗೆದು ತೋರಿಸಬೇಕು. ಕಲ್ಲು ಸಿಕ್ಕರೆ ಅದು ಕೊಳವೆಯೊಳಗಿಂದ ಒನಕೆಯ ಹಾಗೆ ಉರುಟಾದ ತುಂಡುಗಳಾಗಿ ಹೊರಗೆ ಬರುತ್ತೆ. ಅದನ್ನ ಆಳದ ಲೆಕ್ಕಕ್ಕೆ ಸರಿಯಾಗಿ ಡಬ್ಬಿಯಲ್ಲಿ ಸಾಲಾಗಿ ಜೋಡಿಸಿಡ್ತೀವಿ. ಆಮೇಲೆ ಜಿಯಾಲಜಿಸ್ಟ್ ಬಂದು ನೋಡಿ ಹಾಳೆಯಲ್ಲಿ ಬರೀತಾರೆ: ಬುಕಿಟ್ ತಿಮಾ ಗ್ರಾನೈಟ್. ಬಹಳ ದಿನ ನಾನು ಇದು ಯಾವುದೋ ಕಂಪನಿ ಹೆಸರು ಅಂದುಕೊಂಡಿದ್ದೆ, ಊರಲ್ಲಿ ಸಿಮೆಂಟ್ ಮೂಟೆ ಮೇಲೆ ಇರುತ್ತಲ್ಲ ಹಾಗೆ.

ನಮ್ಮ ಸೈಟಿಗೆ ಬರುವ ಜಿಯಾಲಜಿಸ್ಟ್ ಮ್ಯಾನ್ಮಾರ್ ದೇಶದ ಹೆಣ್ಣುಮಗಳು. ಒಂದು ದಿನ ಊಟದ ಹೊತ್ತಿನಲ್ಲಿ ಆಕೆಯೇ ಹೇಳಿದ್ದು. ಈ ದ್ವೀಪದ ಮಧ್ಯೆ ಮತ್ತು ಉತ್ತರದಲ್ಲಿ ನೆಲದಡಿಗೆ ಹಾಸಿಕೊಂಡಿರುವುದು ಇದೇ ಕಲ್ಲು, ಇಪ್ಪತ್ತು ಕೋಟಿ ವರ್ಷಕ್ಕಿಂತ ಹಳೆಯದು, ಬುಕಿಟ್ ತಿಮಾದಲ್ಲಿ ಅದು ನೆಲದ ಮೇಲಕ್ಕೆ ಎದ್ದು ನಿಂತಿದೆ, ಅದಕ್ಕೇ ಆ ಹೆಸರು ಅಂತ. ನಾನು ಚಿಕ್ಕಬಳ್ಳಾಪುರ ಕಡೆಯವನು. ನಮ್ಮ ಕಡೆ ಬಂಡೆಗಳು ಇನ್ನೂರೈವತ್ತು ಕೋಟಿ ವರ್ಷದವು ಅಂತ ಎಲ್ಲೋ ಓದಿದ್ದೆ. ಹೇಳಿದೆ. ಆಕೆ ನಕ್ಕು, ‘ಹಾಗಾದರೆ ಇದು ನಿಮಗೆ ಮೊಮ್ಮಗು’ ಅಂದಳು.

ಇಷ್ಟಾದರೂ ಹೋಗಿ ನೋಡಲು ಒಂಬತ್ತು ವರ್ಷ ಹಿಡೀತು. ಇದನ್ನ ಓದುವ ನಿಮಗೆ ಕಾರಣ ಹೇಳಬೇಕಾಗಿಲ್ಲ. ಭಾನುವಾರ ಅಂದರೆ ಬಟ್ಟೆ ಒಗೆಯೋದು, ದುಡ್ಡು ಕಳಿಸೋದು, ಲಿಟ್ಲ್ ಇಂಡಿಯಾದಲ್ಲಿ ತರಕಾರಿ, ಮನೆಗೆ ಫೋನು, ನಿದ್ದೆ. 2020ರಲ್ಲಿ ಡಾರ್ಮಿಟರಿಗೆ ಬೀಗ ಬಿದ್ದಮೇಲಂತೂ ಕಿಟಕಿಯಿಂದ ಕಾಣುತ್ತಿದ್ದದ್ದು ಎದುರು ಬ್ಲಾಕಿನ ಕಿಟಕಿ, ಅದರಲ್ಲಿ ಒಣಗಿಹಾಕಿದ ಬನಿಯನ್ನು, ಅಷ್ಟೇ. ಹೊರಗೆ ಹೋಗಲು ಪಾಸ್ ಬೇಡ ಅಂತ ಆದದ್ದು 2022ರ ಜೂನ್ 24ಕ್ಕೆ. ಆ ತಾರೀಕು ನನಗೆ ಮಗಳ ಹುಟ್ಟುಹಬ್ಬದಷ್ಟೇ ಚೆನ್ನಾಗಿ ನೆನಪಿದೆ.

ಕೊನೆಗೂ ಹೊರಡಿಸಿದ್ದು ಊರಿನಿಂದ ಬಂದ ಒಂದು ಫೋನು.

ನಮ್ಮಪ್ಪ ಕಲ್ಲು ಕುಟಿಗ. ನಲವತ್ತು ವರ್ಷ ನಮ್ಮೂರ ಬಂಡೆ ಮೇಲೆ ಕೆಲಸ ಮಾಡಿದವರು. ಸೌದೆ ಉರಿಸಿ, ಬಂಡೆ ಕಾಯಿಸಿ, ಪದರ ಎಬ್ಬಿಸಿ ಚಪ್ಪಡಿ ಸೀಳುತ್ತಿದ್ದ ಕಾಲದಿಂದ ಕಂಪ್ರೆಸರ್ ಬಂದ ಕಾಲದವರೆಗೆ. ಈಗ ಹತ್ತು ಹೆಜ್ಜೆ ನಡೆದರೆ ಏದುಸಿರು. ಡಾಕ್ಟರು ಶ್ವಾಸಕೋಶದಲ್ಲಿ ಕಲ್ಲಿನ ಧೂಳು ಕೂತಿದೆ ಅಂದಿದ್ದಾರೆ. ಆ ಬಂಡೆಯ ಬುಡದಲ್ಲೇ ನಮ್ಮ ಎರಡು ಎಕರೆ ಹೊಲ. ರಾಗಿ, ಅವರೆ, ಮಳೆ ಕೈಕೊಟ್ಟರೆ ಹುರುಳಿ. ತಮ್ಮ ಫೋನ್ ಮಾಡಿ, ‘ಅಣ್ಣೋ, ಕ್ರಷರ್‌ನೋರು ಹೊಲ ಕೇಳ್ತಾವ್ರೆ. ಲೀಸಿಗೆ. ಲಾರಿ ದಾರಿಗೂ ಮಿಷನ್ ಹಾಕಾಕೂ ಬೇಕಂತೆ. ನೀನು ಹೈಕಮಿಷನ್‌ಗೆ ಹೋಗಿ ಪವರ್ ಆಫ್ ಅಟಾರ್ನಿ ಮಾಡಿಸಿ ಕಳಿಸ್ಬಿಡು’ ಅಂದ. ಅವನು ಹೇಳಿದ ಮೊತ್ತ ಕೇಳಿ ನಾನು ಮಂಚದ ಮೇಲೆ ಎದ್ದು ಕೂತೆ. ಆ ದುಡ್ಡು ಬಂದರೆ ಸಾಲ ತೀರಿ, ಮಗಳ ಓದಿಗೆ ಇಟ್ಟು, ಇಲ್ಲಿಯ ಪರ್ಮಿಟ್ ಇನ್ನೊಮ್ಮೆ ರಿನ್ಯೂ ಮಾಡಿಸದೆ ನಾನು ಊರಿಗೆ ಹೋಗಬಹುದಿತ್ತು.

ಪಿತ್ರಾರ್ಜಿತ ಹೊಲ. ಅಪ್ಪ, ತಮ್ಮ, ನಾನು ಮೂವರದೂ ಸಹಿ ಬೇಕು. ಅಪ್ಪ ಏನಂತಾರೆ ಅಂತ ಕೇಳಿದೆ. ‘ಅವರು ಏನೂ ಅನ್ನಾಕಿಲ್ಲ, ನಿನ್ನ ಕೇಳು ಅಂತಾರೆ’ ಅಂದ.

ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಆರಕ್ಕೇ ಎದ್ದು, ಪಕ್ಕದ ರೂಮಿನ ಗದಗಿನ ಹುಡುಗನನ್ನ ಎಬ್ಬಿಸಿ, ‘ನಡಿ, ಬೆಟ್ಟಕ್ಕೆ ಹೋಗೋಣ’ ಅಂದೆ. ‘ಯಾವ ಗುಡ್ಡಾರೀ ಅಣ್ಣಾರ, ಇಲ್ಲೆಲ್ಲೈತಿ ಗುಡ್ಡ?’ ಅಂತ ಕಣ್ಣು ಉಜ್ಜಿಕೊಂಡೇ ಹೊರಟ.

ಹೋಗೋದು ಸುಲಭ. ಡೌನ್‌ಟೌನ್ ಲೈನಿನಲ್ಲಿ ಬ್ಯೂಟಿ ವರ್ಲ್ಡ್ ಸ್ಟೇಷನ್ನಿಗೆ ಇಳಿದು ಹಿಂದ್‌ಹೀಡ್ ರೋಡ್ ಹಿಡಿದು ನಡೆದರೆ ಕಾಲು ಗಂಟೆಯೊಳಗೆ ಬುಡ ಸಿಗುತ್ತೆ. ಬೆಳಿಗ್ಗೆ ಏಳರಿಂದ ಸಂಜೆ ಏಳರವರೆಗೆ ತೆರೆದಿರುತ್ತೆ, ಟಿಕೆಟ್ ಇಲ್ಲ. ಬುಡದಲ್ಲಿ ವಿಸಿಟರ್ ಸೆಂಟರ್, ಕುಡಿಯೋ ನೀರು, ಶೌಚಾಲಯ ಎಲ್ಲ ಇದೆ. ಮೇಲಕ್ಕೆ ಒಂದು ಟಾರು ರಸ್ತೆ, ಅದಲ್ಲದೆ ಕಾಡೊಳಗೆ ಬೇರೆ ಬೇರೆ ಕಾಲುದಾರಿಗಳು, ಅಲ್ಲಲ್ಲಿ ಮೆಟ್ಟಿಲು. ಟಾರು ರಸ್ತೆಯ ಮೊದಲ ಏರು ಸ್ವಲ್ಪ ಉಸಿರು ಹಿಡಿಸುತ್ತೆ. ಎಪ್ಪತ್ತು ದಾಟಿದ ಚೀನೀ ಅಜ್ಜಂದಿರು ಬೆನ್ನಿಗೆ ಭಾರದ ಚೀಲ ಕಟ್ಟಿಕೊಂಡು ನಮ್ಮನ್ನ ಹಿಂದೆ ಹಾಕಿ ಹೋದರು. ಹತ್ತಿ, ಇಳಿದು, ಮತ್ತೆ ಹತ್ತುತ್ತಾರೆ. ನಮಗೆ ವಾರವೆಲ್ಲಾ ಅದೇ ಕೆಲಸ, ಇವರು ಶೋಕಿಗೆ ಮಾಡ್ತಾರಲ್ಲ ಅಂತ ಹುಡುಗನಿಗೆ ಆಶ್ಚರ್ಯ.

ಆ ಟಾರು ರಸ್ತೆ ಬಗ್ಗೆ ಒಂದು ಮಾತು. 1840ರ ದಶಕದಲ್ಲಿ ತುದಿಯವರೆಗೆ ಮೊದಲು ದಾರಿ ಕಡಿದವರು ಭಾರತದಿಂದ ಕರಿನೀರಿನ ಶಿಕ್ಷೆಗೆ ತಂದ ಕೈದಿಗಳು. 1825ರಿಂದ 1873ರವರೆಗೆ ಬ್ರಿಟಿಷರು ಮದ್ರಾಸು, ಬೊಂಬಾಯಿ, ಬಂಗಾಳದಿಂದ ಕೈದಿಗಳನ್ನ ಇಲ್ಲಿಗೆ ಸಾಗಿಸಿ ರಸ್ತೆ, ಕಾಲುವೆ, ಕಟ್ಟಡ ಮಾಡಿಸಿದರು. ಪೇಟೆ ಮಧ್ಯದ ಸೇಂಟ್ ಆಂಡ್ರ್ಯೂಸ್ ಚರ್ಚು ಕಟ್ಟಿದ್ದೂ ಅವರೇ. ಆಗ ಬಳ್ಳಾರಿ, ಮಂಗಳೂರು ಮದ್ರಾಸಿಗೆ ಸೇರಿದ್ದವು, ಧಾರವಾಡ ಬೊಂಬಾಯಿಗೆ. ಹುಡುಗನಿಗೆ ಇದನ್ನ ಹೇಳಿದಾಗ ಅವನು ಒಂದು ನಿಮಿಷ ಸುಮ್ಮನಿದ್ದು, ‘ಅಂದ್ರ ನಮ್ಮಕಿಂತ ಮೊದಲ ಬ್ಯಾಚ್ ಬಂದು ಹೋಗೇತಿ ಅನ್ರಿ’ ಅಂದ.

ಆ ಬ್ಯಾಚಿನವರಿಗೆ ಹುಲಿಯ ಕಾಟ ಬೇರೆ. ಕಾಡು ಕಡಿದು ಗ್ಯಾಂಬಿಯರ್ ತೋಟ ಹಾಕುತ್ತಿದ್ದ ಕಾಲ, ತೋಟದ ಕೂಲಿಗಳನ್ನ ಹುಲಿ ಹೊತ್ತುಕೊಂಡು ಹೋಗ್ತಿತ್ತು. 1854ರಲ್ಲಿ ಆಲ್ಫ್ರೆಡ್ ರಸೆಲ್ ವಾಲೇಸ್ ಅನ್ನೋ ವಿಜ್ಞಾನಿ ಈ ಬೆಟ್ಟದ ಹತ್ತಿರ ಇದ್ದುಕೊಂಡು ಹುಳ ಹಿಡಿಯುತ್ತಿದ್ದ. ದಿನಕ್ಕೆ ಸರಾಸರಿ ಒಬ್ಬ ಚೀನೀ ಕೂಲಿ ಹುಲಿ ಬಾಯಿಗೆ ಹೋಗ್ತಾನೆ ಅಂತ ಬರೆದಿಟ್ಟಿದ್ದಾನೆ. ಅಂಥದ್ದರಲ್ಲೂ ಆತ ಎರಡು ತಿಂಗಳಲ್ಲಿ ಸುಮಾರು 700 ಜಾತಿಯ ಜೀರುಂಡೆ ಸಂಗ್ರಹಿಸಿದ. ಅವನು ಹುಳ ಹುಡುಕಿದ್ದು ಹೆಚ್ಚಾಗಿ ಕೂಲಿಗಳು ಕಡಿದುರುಳಿಸಿದ ಮರಗಳಲ್ಲಿ. ಮರ ಕಡಿದವರ ಹೆಸರು ಯಾವ ಬೋರ್ಡಿನಲ್ಲೂ ನನಗೆ ಕಾಣಲಿಲ್ಲ ಬಿಡಿ.

1883ರಲ್ಲಿ ಈ ಕಾಡನ್ನ ಮೀಸಲು ಅಂತ ಮಾಡಿದರು. ಹಾಗಾಗಿ ಉಳಿದಿದ್ದು 163 ಹೆಕ್ಟೇರ್. ಒಳದಾರಿಗೆ ಇಳಿದರೆ ಎಷ್ಟೋ ಅಂತಸ್ತಿನ ಮರಗಳು, ಹಗಲಲ್ಲೇ ಮಬ್ಬುಗತ್ತಲು, ಒದ್ದೆ ಎಲೆಯ ವಾಸನೆ. ಒಂದು ಭೀಮರಾಜ ಹಕ್ಕಿ ಬಾಲದ ಎರಡು ಎಳೆ ಹಾರಾಡಿಸಿಕೊಂಡು ಹೋಯಿತು. ಅದು ನಮ್ಮ ಮಲೆನಾಡಿನಲ್ಲೂ ಇದೆ. ಒಂದು ಮರದ ಕೆಳಗೆ ನಾಲ್ಕೈದು ಜನ ಕತ್ತು ಎತ್ತಿ ನಿಂತಿದ್ದರು. ನಾವೂ ನಿಂತೆವು. ಮೊದಲು ಮರದ ಗಂಟು ಅನ್ನಿಸಿದ್ದು ಆಮೇಲೆ ಕಣ್ಣು ಬಿಟ್ಟಿತು. ಕೊಲೂಗೊ. ಬೆಕ್ಕಿನಷ್ಟು ಗಾತ್ರ, ಕೈಗೂ ಕಾಲಿಗೂ ನಡುವೆ ಕಂಬಳಿಯ ಹಾಗೆ ಚರ್ಮ. ರಾತ್ರಿ ಅದನ್ನ ಬಿಡಿಸಿ ಮರದಿಂದ ಮರಕ್ಕೆ ತೇಲುತ್ತಂತೆ. ತೊಡೆಗೆ ಅಂಟಿಕೊಂಡಂತೆ ಒಂದು ಮರಿಯೂ ಇತ್ತು.

ಕೋತಿಗಳ ಬಗ್ಗೆ ಎಚ್ಚರಿಕೆ ಹೇಳಲೇಬೇಕು. ಉದ್ದ ಬಾಲದ ಕೋತಿಗಳಿಗೆ ಪ್ಲಾಸ್ಟಿಕ್ ಕವರ್ ಅಂದರೆ ತಿಂಡಿ ಅಂತ ಗೊತ್ತು. ನಮ್ಮ ಹುಡುಗ ಚಪಾತಿ, ಬಾಳೆಹಣ್ಣು ಕೆಂಪು ಕವರ್‌ನಲ್ಲಿ ಹಿಡಿದುಕೊಂಡು ಆಡಿಸುತ್ತಾ ಬರ್ತಿದ್ದ. ಒಂದು ದಪ್ಪ ಗಂಡು ಬಂದು ಅವನ ಕೈಯಿಂದ, ಕಂಡಕ್ಟರ್ ಟಿಕೆಟ್ ಹರಿದಷ್ಟು ಸಲೀಸಾಗಿ, ಕವರ್ ಕಿತ್ತುಕೊಂಡು ಹೋಯಿತು. ಅವನು ಕಲ್ಲು ಎತ್ತಿಕೊಂಡ. ಹಿಂದೆ ಬರ್ತಿದ್ದ ಒಬ್ಬ ಆಂಟಿ ನಮ್ಮಿಬ್ಬರಿಗೂ ಸೇರಿಸಿ ಗದರಿದರು. ಕೋತಿಗೆ ತಿನ್ನಲು ಕೊಡೋದು ಇಲ್ಲಿ ಅಪರಾಧ, ದಂಡ ಇದೆ. ಕೊಟ್ಟಿಲ್ಲ, ಅದೇ ತಗೊಂಡಿತು ಅಂತ ಆಂಟಿಗೆ ನನ್ನ ಇಂಗ್ಲಿಷಿನಲ್ಲಿ ತಿಳಿಸೋಕೆ ಆಗಲಿಲ್ಲ. ತಿಂಡಿ ಬೆನ್ನುಚೀಲದೊಳಗೆ ಹಾಕಿಕೊಂಡು ಹೋಗಿ.

ತುದಿ ಬಂದಾಗ ತುದಿ ಅಂತ ಗೊತ್ತಾಗಲಿಲ್ಲ. ಸುತ್ತ ಮರ, ನೋಟ ಅಂತ ಹೆಚ್ಚೇನಿಲ್ಲ. ಒಂದು ಬಂಡೆಯ ಮೇಲೆ ಬರೆದಿದೆ: 163.63 ಮೀಟರ್. ಸಿಂಗಾಪುರದ ಅತಿ ಎತ್ತರದ ಬೆಟ್ಟ. ನಮ್ಮ ನಂದಿ ಬೆಟ್ಟ 1478 ಮೀಟರ್. ಬೆಟ್ಟ ಬಿಡಿ, ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡೇ ಸಮುದ್ರಮಟ್ಟದಿಂದ ಇದರ ಐದು ಪಟ್ಟಿಗಿಂತ ಮೇಲಿದೆ. ‘ಇದಕ್ಕ ಗುಡ್ಡ ಅಂತಾರನ್ರಿ? ನಮ್ಮ ಕಪ್ಪತಗುಡ್ಡ ನೋಡಿದ್ರ ಇವರು ಏನಂತಾರ್ರೀ!’ ಅಂತ ಹುಡುಗ. ಆದರೂ ಇಬ್ಬರೂ ಆ ಬಂಡೆ ಪಕ್ಕ ನಿಂತು ಫೋಟೋ ತೆಗೆಸಿಕೊಂಡೆವು. ನಾನು ಅಂಗೈ ಇಟ್ಟು ನೋಡಿದೆ. ಮೂವತ್ತು, ನಲವತ್ತು ಮೀಟರ್ ಆಳದಿಂದ ನೀರು ಸೋರುತ್ತಾ ಬರುವ ಕಲ್ಲನ್ನಷ್ಟೇ ಮುಟ್ಟಿ ಗೊತ್ತಿದ್ದ ನನಗೆ, ಅದೇ ಕಲ್ಲು ಬಿಸಿಲಿಗೆ ಬೆಚ್ಚಗಿದ್ದದ್ದು ವಿಚಿತ್ರ ಅನ್ನಿಸಿತು.

ಇಷ್ಟೇ ಎತ್ತರದ ಈ ಬೆಟ್ಟಕ್ಕಾಗಿ ಯುದ್ಧವೂ ಆಗಿದೆ. 1942ರ ಫೆಬ್ರವರಿ 11ಕ್ಕೆ ಜಪಾನಿನವರು ಬುಕಿಟ್ ತಿಮಾ ಹಿಡಿದರು, ನಾಲ್ಕು ದಿನಕ್ಕೆ ಬ್ರಿಟಿಷರು ಶರಣಾದರು. ಶರಣಾಗತಿಗೆ ಸಹಿ ಬಿದ್ದ ಫೋರ್ಡ್ ಕಾರ್ಖಾನೆ ಇಲ್ಲಿಂದ ಒಂದೆರಡು ಕಿಲೋಮೀಟರ್, ಈಗ ಮ್ಯೂಸಿಯಂ. ಸೆರೆ ಸಿಕ್ಕವರಲ್ಲಿ ಭಾರತದ ಸಿಪಾಯಿಗಳು ಸಾವಿರ ಸಾವಿರ. ಅದಕ್ಕೆ ಇನ್ನೊಂದು ಭಾನುವಾರ ಬೇಕು.

ಇಳಿಯುವಾಗ ಒಂದು ಬೋರ್ಡ್ ನನ್ನನ್ನ ನಿಲ್ಲಿಸಿತು. ನಾವು ಲಾರಿ ಹಿಂದೆ ಕೂತು ಬಿ.ಕೆ.ಇ. ಎಕ್ಸ್‌ಪ್ರೆಸ್‌ವೇ ಮೇಲೆ ಸೈಟಿಗೆ ಹೋಗುವಾಗ ಒಂದು ಸೇತುವೆ ಅಡಿ ಹಾದು ಹೋಗ್ತೀವಿ. ಮೇಲೆ ಪೂರ್ತಿ ಮರ ಬೆಳೆದಿದೆ. ಅರ್ಧಕ್ಕೆ ಕೆಲಸ ಬಿಟ್ಟ ಫ್ಲೈಓವರ್, ಪಾಪ ಕಂಟ್ರಾಕ್ಟರ್ ಮುಳುಗಿರಬೇಕು ಅಂತ ನಾವು ಮಾತಾಡಿಕೊಳ್ತಿದ್ದೆವು. ಅದು ಪ್ರಾಣಿಗಳಿಗಾಗಿ ಕಟ್ಟಿದ ಸೇತುವೆ! 1986ರಲ್ಲಿ ಎಕ್ಸ್‌ಪ್ರೆಸ್‌ವೇ ಹಾಕಿದಾಗ ಈ ಬೆಟ್ಟದ ಕಾಡು ಪಕ್ಕದ ದೊಡ್ಡ ಕಾಡಿನಿಂದ ತುಂಡಾಯಿತು. ಇಲ್ಲಿದ್ದ ಒಂದು ಜಾತಿಯ ಕಪ್ಪು ಕೋತಿ, ಎಲೆ ತಿನ್ನುವಂಥದ್ದು, ಈ ಬೆಟ್ಟದ ಕೊನೆಯದು 1987ರಲ್ಲಿ ನಾಯಿಗಳ ಬಾಯಿಗೆ ಸಿಕ್ಕಿ ಸತ್ತಿತು. ಅದೇ ಜಾತಿ ರಸ್ತೆಯ ಆಚೆ ಕಾಡಿನಲ್ಲಿ ಇನ್ನೂ ಬದುಕಿದೆ. ಸೇತುವೆ ಕಟ್ಟಿದ್ದು 2013ರಲ್ಲಿ, 62 ಮೀಟರ್ ಉದ್ದ. ಚಿಪ್ಪುಹಂದಿಗಳು ರಾತ್ರಿ ಅದರ ಮೇಲೆ ದಾಟುತ್ತವೆ, ಕೆಳಗೆ ಲಾರಿಯಲ್ಲಿ ನಾವು.

ಆಮೇಲೆ ಹಿಂದ್‌ಹೀಡ್ ಕ್ವಾರಿಗೆ ಬಂದೆವು. ಬುಡದಿಂದ ಐದು ನಿಮಿಷದ ದಾರಿ, ಮರದ ಹಲಗೆ ಹಾಸಿದ್ದಾರೆ. ಕೊನೆಗೆ ಕಟಕಟೆ. ಅದರಾಚೆ ಗುಡ್ಡವನ್ನ ನೇರವಾಗಿ ಕೊಯ್ದ ಗೋಡೆ, ಕೆಳಗೆ ಹಸಿರು ನೀರು ತುಂಬಿದ ಕೆರೆ. ಈ ಬೆಟ್ಟದ ಸುತ್ತ ಇಂಥ ಕ್ವಾರಿಗಳು ಹಲವು ಇದ್ದವು, ಈ ಊರಿನ ರಸ್ತೆಗೆ, ಕಟ್ಟಡಕ್ಕೆ ಕಲ್ಲು ಹೋದದ್ದು ಇಲ್ಲಿಂದ. ಈಗ ಎಲ್ಲ ಮುಚ್ಚಿವೆ.

ಹತ್ತೂವರೆ, ಊರಲ್ಲಿ ಎಂಟು. ವಿಡಿಯೋ ಕಾಲ್ ಮಾಡಿದೆ. ಅಪ್ಪ ಜಗುಲಿ ಮೇಲೆ ಕೂತಿದ್ದರು. ಮಾತಾಡದೆ ಫೋನ್ ತಿರುಗಿಸಿ ಆ ಗೋಡೆ ತೋರಿಸಿದೆ.

‘ವಸಿ ಹತ್ರ ಹಿಡಿ’ ಅಂದರು. ಹಿಡಿದೆ. ‘ಎಡಕ್ಕೆ.’ ಹಿಡಿದೆ. ‘ಉಳೀಲಿ ಸೀಳಿದ್ದಲ್ಲ ಇದು, ಮದ್ದು ಇಟ್ಟವ್ರೆ. ಆ ಮೂಲೇಲಿ ಕಲ್ಲು ಸರಿಯಾಗಿಲ್ಲ, ಸೀಳು ಬಿಟ್ಟೈತೆ ನೋಡು, ಅದಕ್ಕೇ ಅಷ್ಟಕ್ಕೆ ಬಿಟ್ಟವ್ರೆ.’ ಆರು ತಿಂಗಳಿಂದ ಅಪ್ಪ ಒಟ್ಟಿಗೆ ಅಷ್ಟು ಮಾತಾಡಿದ್ದು ನಾನು ಕೇಳಿರಲಿಲ್ಲ. ಮಧ್ಯೆ ಮಧ್ಯೆ ಉಸಿರು ಎಳೆದುಕೊಳ್ಳುತ್ತಿದ್ದರು.

‘ಈಗ ಕೆಲಸ ಇಲ್ವಾ ಅಲ್ಲಿ?’

‘ಇಲ್ಲಪ್ಪ, ನಿಲ್ಲಿಸಿ ಎಷ್ಟೋ ವರ್ಷ ಆಯ್ತು. ಪಾರ್ಕು ಮಾಡವ್ರೆ.’

‘ಹಂಗಾದ್ರೆ ಜಲ್ಲಿ ಎಲ್ಲಿಂದ ತರ್ತಾರೆ?’

ಪಾರ್ಕು, ಹಕ್ಕಿ, ಕೆರೆ ಎಲ್ಲ ಬಿಟ್ಟು ಕಲ್ಲಿನವನು ಕೇಳೋದು ಇದನ್ನೇ. ಇಂಡೋನೇಷ್ಯಾ, ಮಲೇಷ್ಯಾದಿಂದ ಬರುತ್ತೆ, ಬಾರ್ಜಿನಲ್ಲಿ ಸಮುದ್ರದ ಮೇಲೆ ತರ್ತಾರೆ ಅಂದೆ.

‘ಹಂಗನ್ನು’ ಅಂದರು. ನಕ್ಕಿದ್ದಕ್ಕೆ ಕೆಮ್ಮು ಬಂತು. ಕೆಮ್ಮು ನಿಲ್ಲೋವರೆಗೆ ನಾನು ಕೆರೆಯನ್ನೇ ನೋಡ್ತಿದ್ದೆ. ಇಲ್ಲಿ ಒಂದು ಗುಡ್ಡ ಉಳಿಯಿತು ಅಂದರೆ ಇನ್ನೆಲ್ಲೋ ಒಂದು ಕರಗ್ತಾ ಇದೆ, ಅದರ ಬುಡದಲ್ಲೂ ಯಾರದೋ ಎರಡು ಎಕರೆ ಇರುತ್ತೆ. ನಾನು ಕೊರೆದ ತೂತಿನ ಮೇಲೆ ಎದ್ದ ಕಟ್ಟಡಗಳಿಗೂ ಅದೇ ಜಲ್ಲಿ ತಾನೆ.

‘ಅಪ್ಪ, ಹೊಲದ ವಿಷಯ ಏನು ಮಾಡೋಣ?’ ಕೇಳಿಯೇಬಿಟ್ಟೆ.

ಬಹಳ ಹೊತ್ತು ಸುಮ್ಮನಿದ್ದರು. ‘ಬಂಡೆ ಒಡೀಬ್ಯಾಡಿ ಅಂತ ನಾನು ಯಾವ ಬಾಯಲ್ಲಿ ಹೇಳ್ಲಿ? ನಿಮ್ಮಿಬ್ರನ್ನೂ ಸಾಕಿದ್ದು ಅದೇಯ. ಆದ್ರೆ ಕ್ರಷರ್ ಧೂಳು ಬೇರೆ ಕಣಪ್ಪ. ನಮ್ ಕೆಲಸ ನಾವು ಮಾಡಿದ್ದೋರು ಕುಡುದ್ವಿ. ಅದು ಮನೇಲಿ ಮಲಗಿರೋ ಕೂಸಿಗೂ ಬತ್ತದೆ.’ ತಮ್ಮನ ಮಗಳಿಗೆ ಆಗ ಎಂಟು ತಿಂಗಳು. ಹಿಂದೆ ಅಮ್ಮನ ದನಿ ಕೇಳಿಸ್ತು, ಮದ್ದಿನ ಮಾತೆತ್ತಬ್ಯಾಡಿ ಅಂತ. 2021ರ ಫೆಬ್ರವರಿಯಲ್ಲಿ ನಮ್ಮ ಚಿಕ್ಕಬಳ್ಳಾಪುರ ತಾಲ್ಲೂಕಿನಲ್ಲೇ ಜಿಲೆಟಿನ್ ಸಿಡಿದು ಆರು ಜನ ಹೋದರು. ಆ ರಾತ್ರಿಯಿಂದ ಅಮ್ಮನಿಗೆ ಗುಡುಗು ಅಂದರೂ ಎದೆ ಹೊಡಕೊಳ್ಳುತ್ತೆ.

ಪವರ್ ಆಫ್ ಅಟಾರ್ನಿ ಕಳಿಸೋದಿಲ್ಲ ಅಂತ ತಮ್ಮನಿಗೆ ಅಲ್ಲಿಂದಲೇ ಹೇಳಿದೆ. ‘ನೀನು ಅಲ್ಲಿ ಪಾರ್ಕಲ್ಲಿ ನಿಂತ್ಕೊಂಡು ಹೇಳ್ತೀಯ ಅಣ್ಣ, ಇಲ್ಲಿ ಬಂದು ಎರಡು ಎಕರೇಲಿ ಬದುಕಿ ತೋರ್ಸು’ ಅಂದು ಕಟ್ ಮಾಡಿದ. ಅವನು ಹೇಳಿದ್ದು ಸುಳ್ಳಲ್ಲ. ನಮ್ಮ ಹೊಲ ಇಲ್ಲದಿದ್ದರೆ ಪಕ್ಕದವರ ಹೊಲ ಕೇಳ್ತಾರೆ, ಅದೂ ಗೊತ್ತು. ಮೂರು ವಾರ ಫೋನ್ ಎತ್ತಲಿಲ್ಲ. ಮೊನ್ನೆ ಒಂದು ಫೋಟೋ ಮಾತ್ರ ಬಂತು, ಹೊಲದಲ್ಲಿ ಅವರೆ ಹೂ ಬಿಟ್ಟಿದೆ. ಕೆಳಗೆ ಏನೂ ಬರೆದಿರಲಿಲ್ಲ. ನಾನು ಪರ್ಮಿಟ್ ರಿನ್ಯೂವಲ್‌ಗೆ ಸಹಿ ಹಾಕಿದೆ. ಇನ್ನೂ ಎರಡು ವರ್ಷ.

ಅಪ್ಪ ಫೋನ್ ಇಡುವ ಮುಂಚೆ, ‘ಆ ಕಲ್ಲಿಂದು ಒಂದು ಚೂರು ತಗೊಂಡು ಬಾ, ಕೈಯಲ್ಲಿ ಹಿಡಿದು ನೋಡ್ಬೇಕು’ ಅಂದಿದ್ದರು. ಮೀಸಲು ಕಾಡಿನಿಂದ ಎಲೆ ಕೂಡ ತರುವಂತಿಲ್ಲ. ಸೋಮವಾರ ಜಿಯಾಲಜಿಸ್ಟ್‌ಗೆ ವಿಷಯ ಹೇಳಿದೆ. ಅವಳು ಗುರುವಾರ ಬರುವಾಗ ಲ್ಯಾಬಿನಲ್ಲಿ ಒತ್ತಿ ಒಡೆದು ಪರೀಕ್ಷೆ ಮಾಡಿ ಮುಗಿಸಿದ, ಇನ್ನು ಎಸೆಯಬೇಕಿದ್ದ ಒಂದು ತುಂಡನ್ನ ಕೇಳಿ ತಂದುಕೊಟ್ಟಳು. ಬೂದು ಬಣ್ಣ, ಮಧ್ಯೆ ಕಪ್ಪು ಚುಕ್ಕೆ, ಒಂದು ಕಡೆ ನುಣುಪು, ಇನ್ನೊಂದು ಕಡೆ ಒಡೆದ ಮುಖ. ಕಾಲುಚೀಲದಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟಿದ್ದೇನೆ. ಜನವರಿಗೆ ಹದಿನೈದು ದಿನ ರಜೆ ಸಿಕ್ಕಿದೆ. ಗದಗಿನ ಹುಡುಗ ಮಾತ್ರ, ‘ಏರ್‌ಪೋರ್ಟ್‌ನ್ಯಾಗ ಇದೇನಂತ ಕೇಳಿದ್ರ ಏನ್ ಹೇಳ್ತೀರಿ ಅಣ್ಣಾರ?’ ಅಂತ ದಿನಾ ಕಾಡಿಸ್ತಾನೆ.